ಪಟ್ಟಲಮ್ಮನ ಮುಂಬಾಗಿಲು

ಒಂದಾನೊಂದು ಕಾಲದಲ್ಲಿ, ಕಿರುಗಾವಲಿನ ಹಾದಿಯಲ್ಲಿ, ಪಡುವಣಕ್ಕೆ ಮುಖ ಕೊಟ್ಟು ಕೂತ ಒಂದು ಮನೆಯಿತ್ತು. ಆ ಮನೆಯಲ್ಲಿ ಸೂರ್ಯದೇವರ ಜೊತೆ ಎಂಟು ವರ್ಷದಿಂದ ಜಗಳ ಕಾಯುತ್ತಿದ್ದ ಒಬ್ಬ ಮುದುಕಿ ಇದ್ದಳು. ಹೊತ್ತು ತಿರುಗಿದ್ದೇ ತಡ, ಸೂರ್ಯ ಬಂದು ಬಾಗಿಲಿಗೆ ಒರಗುತ್ತಿದ್ದ. ಮುದುಕಿ ಒಳಗಿನಿಂದ, "ಬಂದ್ಯಾ ಸಾಮಿ? ನಿನ್ನ ಒಳೀಕ್ ಕರ್ದೋಳು ನಾನಲ್ಲ, ನಮ್ಮ ಮೈದ. ಓಗು, ಅವುನ್ ತಲೆ ಮ್ಯಾಲ್ ಕೂತ್ಕೊ" ಎನ್ನುತ್ತಿದ್ದಳು. ಕತೆಯ ರಾಜಕುಮಾರಿಯರಿಗೆ ಏಳು ಸಮುದ್ರದಾಚೆಯ ಹೂವು ಬೇಕಿರುತ್ತದೆ. ಈ ಮುದುಕಿಗೆ ಬೇಕಿದ್ದದ್ದು ಒಂದು ಬಾಗಿಲು, ಅಷ್ಟೇ.

ಮುದುಕಿ ಪಟ್ಟಲಮ್ಮ ಆ ದಿನ ಕೋಳಿ ಕೂಗುವ ಹೊತ್ತಿಗೆ ತೀರಿಕೊಂಡಿದ್ದಳು. ಈಗ ಅವಳ ಸೊಸೆ ಮಂಗಳಮ್ಮ ಅಟ್ಟದ ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತು, ಎರಡೂ ಕೈಯಲ್ಲಿ ಏಣಿಯನ್ನು ಬಿಗಿಹಿಡಿದು, ಮೇಲೆ ಹತ್ತಲು ಬಂದ ಇಬ್ಬರು ಗಂಡಸರಿಗೆ ದಾರಿ ಬಿಡದೆ ನಿಂತಿದ್ದಳು.

"ಇಳಿಯಮ್ಮಿ ಕೆಳೀಕೆ" ಎಂದ ಹೊನ್ನಯ್ಯ, ಹೊಸಿಲ ಹತ್ತಿರದಿಂದಲೇ. ಅವನು ಪಟ್ಟಲಮ್ಮನ ಮೈದುನ, ಮನೆಯ ಯಜಮಾನ. ಬೆಳಗ್ಗೆಯಿಂದ ಅತ್ತು ಕಣ್ಣು ಕೆಂಡವಾಗಿತ್ತು. ಮಾತಿನ ಗತ್ತು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. "ನೀರು ಊಯ್ಯಕ್ಕೆ ಅಲ್ಗೆ ಬ್ಯಾಡ್ವಾ? ಅಟ್ಟದಾಗಿರೋ ಒನ್ನೆ ಅಲ್ಗೆ ಅತ್ಗೇದೇ. ಅವಳ್ದು ಅವಳ್ಗೇ ಆಗ್ಲಿ. ತಕ್ಕೊಂಡ್ ಬರ್ರಲಾ."

ಆ ಊರಿನ ಕಟ್ಟಳೆ ಅದು. ಹೆಣಕ್ಕೆ ಕೊನೆಯ ನೀರು ಹಾಕುವುದು ಆ ಮನೆಯದೇ ಹಲಗೆಯ ಮೇಲೆ. ನೀರು ಬಿದ್ದ ಹಲಗೆ ಹೆಣದ ಹಿಂದೆಯೇ ಹೊರಟುಬಿಡಬೇಕು. ಮತ್ತೆ ಆ ಮನೆಯ ಹೊಸಿಲು ದಾಟಕೂಡದು.

ಮಂಗಳಮ್ಮನ ತಲೆಯ ಮೇಲೆ, ಕತ್ತಲ ಅಟ್ಟದಲ್ಲಿ, ರಾಗಿ ಚೀಲಗಳ ಹಿಂದೆ, ಇದ್ದದ್ದು ಹಲಗೆಯಲ್ಲ. ಅದು ಬಾಗಿಲು. ಅದನ್ನು ಕೆಳಗಿಳಿಸಿ ಮುಂಬಾಗಿಲಿಗೆ ಹಾಕುತ್ತೇನೆಂದು ಅವಳು ಮೊನ್ನೆ ಸಂಜೆ ತಾನೇ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದಳು. ಇವತ್ತು ಅದರ ಮೇಲೆ ಒಂದು ಚೆಂಬು ನೀರು ಬಿದ್ದರೆ ಸಾಕು, ಭಾಷೆ ಮಣ್ಣುಪಾಲು.

•

ಎಂಟು ವರ್ಷದ ಹಿಂದೆ ಹೊನ್ನಯ್ಯ ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯಕ್ಕೆ ಹೋದವನು, ಅಲ್ಲೊಂದು ಗೋದಾಮಿನ ಬಾಗಿಲು ನೋಡಿ ಮರುಳಾಗಿ ಬಂದಿದ್ದ. ಮರದ ಚೌಕಟ್ಟಿಗೆ ತಗಡು ಹೊಡೆದು, ಮೇಲೆ ಗಿಳಿಹಸಿರು ಬಣ್ಣ ಬಳಿದ ಬಾಗಿಲು. ಗೆದ್ದಲು ತಿಂದ ಹಳೆ ಮಾವಿನ ಬಾಗಿಲನ್ನು ಕಿತ್ತು ಅಂಥದ್ದನ್ನೇ ಮಾಡಿಸಿ ತಂದು ನಿಲ್ಲಿಸಿದ. ಸುತ್ತ ನಾಲ್ಕು ಹಳ್ಳಿಯಲ್ಲಿ ಅಂಥ ಬಾಗಿಲಿರಲಿಲ್ಲ. ಜನ ಬಂದು ನೋಡಿ ಹೋದರು, ಬೆರಳಲ್ಲಿ ಬಡಿದು ಸದ್ದು ಕೇಳಿ ಹೋದರು.

"ಗೋದಾಮಿನ್ ಬಾಗ್ಲು ಮನೆಗ್ಯಾಕಪ್ಪ? ನಾವೇನ್ ಸಕ್ರೆ ಮೂಟೆಗಳಾ?" ಎಂದಳು ಪಟ್ಟಲಮ್ಮ.

ಬೇಸಿಗೆ ಬಂತು. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಆ ತಗಡಿನ ಮೇಲೇ. ಒಳಗೆ ಹಜಾರ ರೊಟ್ಟಿಹಂಚಾಯಿತು. ಅಂಬೆಗಾಲಿಡುತ್ತಿದ್ದ ಮಂಗಳಮ್ಮನ ಮೊದಲ ಕೂಸು ಬಾಗಿಲು ಹಿಡಿದು ಎದ್ದು ನಿಲ್ಲಲು ಹೋಗಿ ಅಂಗೈ ಸುಟ್ಟುಕೊಂಡಿತು. ಪಟ್ಟಲಮ್ಮ ಕೂಸಿನ ಅಂಗೈಗೆ ಬೆಣ್ಣೆ ಸವರಿದಳು. ಮಾರನೆಯ ದಿನ ಬಡಗಿ ಕಾಳಾಚಾರಿಯ ಕೊಟ್ಟಿಗೆಗೆ ಹೋಗಿ ಮಡಿಲು ತುಂಬ ಮರದ ತುಂಡು ತಂದಳು. ಮಾವು, ಹೊಂಗೆ, ಹಲಸು, ಬೇವು, ಹೊನ್ನೆ. ಜೊತೆಗೆ ಒಂದು ಚೂರು ತಗಡು. ಎಲ್ಲವನ್ನೂ ಸೂರಿನ ಹೆಂಚಿನ ಮೇಲೆ ಸಾಲಾಗಿ ಇಟ್ಟಳು.

"ಏನಜ್ಜಿ, ಅಪ್ಪಳ ಒಣಗಾಕಿದ್ದೀಯಾ?" ಎಂದು ಬೀದಿಯವರು ನಕ್ಕರು.

"ಊಂ, ಒಂದ್ ವರ್ಸ ಒಣಗಬೇಕು ಇವು. ತಿನ್ನಕ್ ಬಾ."

ಒಂದು ಬೇಸಿಗೆ, ಒಂದು ಮಳೆಗಾಲ ಅವು ಅಲ್ಲೇ ಬಿದ್ದಿದ್ದವು. ಹೊಂಗೆ ಬಾಳೆದೊನ್ನೆಯ ಹಾಗೆ ಬಾಗಿತು. ಮಾವಿನೊಳಗೆ ಹುಳ ಸಂಸಾರ ಹೂಡಿತು. ಹಲಸು ಮುಖ ಸೀಳಿಕೊಂಡಿತು. ಬೇವು ಪರವಾಗಿಲ್ಲ, ಕಹಿಗೆ ಹೆದರಿ ಹುಳ ಹತ್ತಿರ ಬರಲಿಲ್ಲ. ಆದರೆ ದೊಡ್ಡ ಬಾಗಿಲಿಗೆ ಬೇಕಾದಷ್ಟು ನೆಟ್ಟನೆ ಬೇವು ಎಲ್ಲಿ ಸಿಗಬೇಕು? ಹೊನ್ನೆಯ ತುಂಡು ಮಾತ್ರ ಇಟ್ಟ ಹಾಗೇ ಇತ್ತು, ಸುಡುಬಿಸಿಲಲ್ಲೂ ಮುಟ್ಟಿದರೆ ಮಡಕೆಯಷ್ಟು ತಣ್ಣಗೆ. ತಗಡಿನ ಚೂರಿನ ಮೇಲೆ ಮಧ್ಯಾಹ್ನ ಒಂದು ಕಾಗೆ ಕೂಡ ಕೂರಲಿಲ್ಲ.

ಹಿತ್ತಲ ಬಾಗಿಲು ಹೆಂಗಸರದು. ಅದಕ್ಕೆ ಯಜಮಾನನ ಅಪ್ಪಣೆ ಬೇಕಿರಲಿಲ್ಲ. ಪಟ್ಟಲಮ್ಮ ಅಲ್ಲಿ ಕೆಳಗರ್ಧ ಬೇವಿನ ಹಲಗೆ, ಮೇಲರ್ಧ ಸೀಳುಬಿದಿರಿನ ಜಾಲರಿ ಹೆಣೆಸಿ ಹಾಕಿಸಿದಳು. ಕೋಳಿ ಒಳಗೆ ಬರಲಾರದು, ಗಾಳಿಗೆ ತಡೆಯಿಲ್ಲ. ಮೊದಲ ವಾರ ಹೊನ್ನಯ್ಯ ಅದನ್ನು "ಕುರಿದೊಡ್ಡಿ ಬಾಗ್ಲು" ಎಂದ. ಎರಡನೇ ವಾರ ಊಟವಾದ ಮೇಲೆ ಚಾಪೆ ಹಿಡಿದುಕೊಂಡು ಬಂದು ಅದರ ಮುಂದೆಯೇ ಮಲಗಿದ. ಆಮೇಲೆ ಮನೆಯ ಗಂಡಸರಿಗೆಲ್ಲ ಅದೇ ಜಾಗ; ಹೆಂಗಸರು ಕೊಡ ಹೊತ್ತು ಬಂದರೆ ಕಾಲಿಡಲು ಎಡೆಯಿಲ್ಲ.

"ಕುರಿಗಳಾ, ವಸಿ ಅತ್ಲಾಗ್ ಸರೀರಿ" ಎನ್ನುತ್ತಿದ್ದಳು ಪಟ್ಟಲಮ್ಮ.

•

"ಇಳೀತೀಯೋ ಇಲ್ವೋ?" ಎಂದ ಹೊನ್ನಯ್ಯ.

ಮಂಗಳಮ್ಮ ಗಂಡನ ಕಡೆ ನೋಡಿದಳು. ನಿಂಗಯ್ಯ ತಾಯಿಯ ಕಾಲ ಬಳಿ ಕೂತು ನೆಲ ನೋಡುತ್ತಿದ್ದ. ಚಿಕ್ಕಪ್ಪನಿಗೆ ಎದುರಾಡುವ ಜೀವವಲ್ಲ ಅದು. ಬೀದಿಯ ತುಂಬ ಜನ. ಮದ್ದೂರು ಕಡೆಯ ನೆಂಟರು ಆಗ ತಾನೇ ಗಾಡಿ ಇಳಿದು, ಹಸಿರು ಬಾಗಿಲನ್ನೇ ನೋಡುತ್ತ ನಿಂತಿದ್ದರು. ಮಂಗಳಮ್ಮನಿಗೆ ಥಟ್ಟನೆ ಹೊಳೆಯಿತು. ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಇಳಿದಳು. ಎಲ್ಲರಿಗೂ ಕೇಳುವಂತೆ, ಆದರೆ ತಗ್ಗಿದ ದನಿಯಲ್ಲಿ ಹೇಳಿದಳು:

"ತಕ್ಕಳಿ ಮಾವ. ನಂದೇನ್ ಅಡ್ಡಿ? ಆದ್ರೆ ಅದು ಕೆಡವಿದ್ ಮನೆ ತೊಲೇಲಿ ಮಾಡ್ಸಿದ್ದು. ಮೂರ್ ವರ್ಸದ ದೂಳು ಕುಂತದೆ. ಮದ್ದೂರೋರೆಲ್ಲ ನೋಡ್ತಾವ್ರೆ. ಒನ್ನಯ್ನೋರ ಮನೇಲಿ ಇರಿಯ ಎಂಗ್ಸಿಗೆ ಅಟ್ಟದಾಗಿನ್ ಗುಜರಿ ಅಲ್ಗೇನೇ ಸಿಕ್ಕುದ್ದು ಅಂದಾರು. ಅನ್ಲಿ ಬುಡಿ, ಅಂದೋರ್ ಬಾಯಿಗ್ ಬೀಗ ಆಕಕ್ಕಾದದಾ?"

ಹೊನ್ನಯ್ಯ ನೆಂಟರ ಕಡೆ ನೋಡಿದ. ಆರು ವರ್ಷದ ತಬ್ಬಲಿಯಾಗಿದ್ದ ಅವನಿಗೆ ತುತ್ತಿಟ್ಟು ಸಾಕಿದ್ದು ಇದೇ ಅತ್ತಿಗೆ. ಅವಳಿಗೆ ಗುಜರಿಯೇ?

"ಯಾವೋನ್ಲಾ ಅನ್ನೋನು!" ಎಂದು ಗುಡುಗಿದ. "ನಮ್ಮ ಅತ್ಗೆ ಮಾರಾಣಿ ಅಂಗೆ ಬದುಕ್ದೋಳು. ಈ ಸೀಮೇಲೇ ಯಾರ್ಗೂ ಇಲ್ಲದ್ ಅಲ್ಗೆ ಮ್ಯಾಲೆ ಅವಳ್ಗೆ ನೀರು. ಬಿಚ್ರಲಾ ಆ ತಗಡಿನ ಬಾಗ್ಲ!"

ಜಗಲಿಯ ಮೇಲೆ ಕೂತಿದ್ದ ದೇವಿರಮ್ಮ, ಊರಿಗೆಲ್ಲ ಹಿರಿಯಳು, ಏನೋ ಹೇಳಲು ಬಾಯಿ ತೆರೆದಳು. ಮಂಗಳಮ್ಮನ ಮುಖ ನೋಡಿದಳು. ಬಾಯಿ ಮುಚ್ಚಿ ಎಲೆಯಡಿಕೆ ಚೀಲ ಬಿಚ್ಚಿಕೊಂಡಳು.

ಬಾಗಿಲು ಕೀಲಿನಿಂದ ಕಳಚಿ ಅಂಗಳಕ್ಕೆ ಬಂತು. ಆಗಲೇ ಹೊತ್ತು ತಿರುಗಿತ್ತು. ಮೊದಲ ಕೊಡ ನೀರು ಬಿದ್ದದ್ದೇ ತಗಡು ಚೊಯ್ಯೆಂದು ಹೊಗೆಯಾಡಿತು. ಎಂಟು ಕೊಡ ಸುರಿದು, ಒದ್ದೆ ಗೋಣಿ ಹಾಸಿ ತಣಿಸಬೇಕಾಯಿತು.

"ಇಸ್ಟ್ ದಿನ ಇದ್ರ ಪಕ್ಕದಲ್ಲೇ ಬೆಂದ್ಯಲ್ಲೇ ಪಟ್ಟಕ್ಕ" ಎಂದು ಒಬ್ಬಳು ಅಳುದನಿಯಲ್ಲಿ ಎತ್ತಿಕೊಂಡಳು. ಉಳಿದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುವುದಕ್ಕೋ ನಗು ತಡೆಯುವುದಕ್ಕೋ, ಪಟ್ಟಲಮ್ಮನಿಗೆ ಮಾತ್ರ ಗೊತ್ತಾಗಿರಬೇಕು.

•

ಆ ತೊಲೆ ಬಂದದ್ದು ಮಳವಳ್ಳಿಯಿಂದ. ಪಟ್ಟಲಮ್ಮನ ತವರುಮನೆಯನ್ನು ಅವಳ ತಮ್ಮ ಚಿಕ್ಕಬೋರಯ್ಯ ಕೆಡವಿಸಿದಾಗ, "ಅಕ್ಕಯ್ಯ, ನಿಂಗೊಂದು ಸೀರೆ ತರ್ಲಾ?" ಎಂದು ಕೇಳಿದ್ದ.

"ಸೀರೆ ಬ್ಯಾಡ. ನಡುಮನೆ ಒನ್ನೆ ತೊಲೆ ಕೊಡು."

"ತೊಲೆ ಉಟ್ಕತೀಯಾ?"

"ಅರವತ್ ವರ್ಸ ಹೊಗೆ ಕುಡ್ದು ನಿಂತಿರೋ ಮರ ಕಣ್ಲಾ ಅದು. ಕುಗ್ಗೋದು, ಬಾಗೋದು, ಮುನಿಸ್ಕೊಳ್ಳೋದು ಎಲ್ಲಾ ಮುಗ್ಸದೆ. ನನ್ನಂಗೇ."

ಗಾಡಿಯ ಮೇಲೆ ತೊಲೆಯ ಪಕ್ಕ ತಾನೂ ಕೂತು, ಮದುವಣಗಿತ್ತಿಯ ಹಾಗೆ ಊರಿಗೆ ಬಂದಳು. ಕಾಳಾಚಾರಿ ಅದನ್ನು ಸೀಳಿ, ಹತ್ತರಿ ಹೊಡೆದು ನುಣುಪು ಮಾಡಿ, ಎರಡು ಬೆರಳು ದಪ್ಪದ ಬಾಗಿಲು ಕೂಡಿಸಿದ. ಹೊನ್ನಯ್ಯ ನೋಡಿ, "ಎಂಗ್ಸಿನ ತವರ ತೊಲೆ ನಮ್ಮನೆ ಮುಂಬಾಗ್ಲಿಗಾ? ನಾನ್ ಬದುಕಿರೋಗಂಟ ಇಲ್ಲ" ಎಂದುಬಿಟ್ಟ. ಬಾಗಿಲು ಅಟ್ಟಕ್ಕೇರಿತು.

ಪಟ್ಟಲಮ್ಮ ಜಗಳ ಮಾಡಲಿಲ್ಲ. ಪ್ರತಿ ಯುಗಾದಿಗೂ ಅಟ್ಟ ಹತ್ತಿ ಅದಕ್ಕೆ ಅರಿಸಿನ ಕುಂಕುಮವಿಟ್ಟು ಇಳಿಯುತ್ತಿದ್ದಳು. ಈ ಸಲ ಏಣಿ ಹತ್ತಲಾಗಲಿಲ್ಲ. ಮಂಗಳಮ್ಮನನ್ನು ಹತ್ತಿಸಿದಳು. ಮೊನ್ನೆ ಸಂಜೆ, ಮಾತು ತೊದಲುತ್ತಿದ್ದಾಗ, ಸೊಸೆಯ ಕೈ ಹಿಡಿದು, "ಅಟ್ಟದ್ ಮ್ಯಾಲೆ ನಮ್ಮವ್ವನ ಮನೆ ಅದೆ. ಕೆಳೀಕ್ ಇಳ್ಸು" ಎಂದಿದ್ದಳು.

•

ಚಟ್ಟ ಎತ್ತುವ ಮುಂಚೆ ದೇವಿರಮ್ಮ ಎಲೆಯಡಿಕೆ ಉಗಿದು ಬಂದು ಕೇಳಿದಳು: "ಅಲ್ಲಾ ಒನ್ನಯ್ಯ, ಬೈಗಿಗೆ ಮನೆಗ್ ಯಾವ್ ಬಾಗ್ಲಪ್ಪ?"

"ಯಾವ್ ಬಾಗ್ಲು ಅಂದ್ರೆ? ಇದೇ..." ಎಂದು ಹೊನ್ನಯ್ಯ ಅಂಗಳದ ಕಡೆ ಕೈ ತೋರಿಸಿದ. ಅಲ್ಲಿಗೇ ನಿಂತ. ಹಸಿರು ತಗಡಿನ ಮೇಲಿಂದ ಅತ್ತಿಗೆಯ ಕೊನೆಯ ನೀರು ಇಳಿದು ಮಣ್ಣಿಗೆ ಸೇರುತ್ತಿತ್ತು.

"ಅದು ಇನ್ನು ಪಟ್ಟಕ್ಕಂದು" ಎಂದಳು ದೇವಿರಮ್ಮ.

"ಗೋಣಿ ಕಟ್ಟುದ್ರಾಯ್ತು, ಸೂತಕ ಕಳಿಯೋಗಂಟ, ಅನ್ನೊಂದ್ ದಿನ."

"ಗೋಣಿ ಬಾಗ್ಲಲ್ಲಿ ದೀಪ ನಿಂತದೇನ್ಲಾ? ಮಸಾಣದಿಂದ ಬಂದೋರು ದೀಪ ನೋಡ್ದೆ ನೀರು ಕುಡಿಯಂಗಿಲ್ಲ. ಗಾಳಿಗೆ ಆರೋದ್ರೆ ಇವಳು ದಾರಿ ತಪ್ಪಿ ತಿರ್ಗಾ ಮನೆಗ್ ಬತ್ತಾಳೆ. ಬಂದು ನಿನ್ನೇ ಕೇಳ್ತಾಳೆ, ಬಾಗ್ಲೆಲ್ಲೋ ಅಂತ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೊನ್ನಯ್ಯ ಕೊನೆಯ ಪಟ್ಟು ಹಿಡಿದ. "ಸೂತಕದಾಗೆ ಒಸ ಬಾಗ್ಲು ನಿಲ್ಸಂಗಿಲ್ಲ."

"ಒಸದಲ್ಲ ಮಾವ" ಎಂದಳು ಮಂಗಳಮ್ಮ. ಈ ಸಲ ದನಿ ತಗ್ಗಿಸಲಿಲ್ಲ. "ಮೂರು ಯುಗಾದಿ ಅರಿಸ್ನ ಕುಂಕ್ಮ ಕಂಡದೆ. ನಿಮ್ ತಗಡಿಗೆ ಒಂದಾದ್ರೂ ಕಂಡಿತ್ತಾ?"

ಕಾಳಾಚಾರಿ ಗಂಟಲು ಸರಿಮಾಡಿಕೊಂಡ. "ಮರಕ್ಕೆ ಅರವತ್ತರ ಮೇಲಾಯ್ತು ಯಜಮಾನ್ರೇ. ನಿಮಗಿಂತ ಹಿರೀದು."

ಹೊನ್ನಯ್ಯ ಚಟ್ಟದ ಮೇಲಿನ ಮುಖವನ್ನು ನೋಡಿದ. ಆಮೇಲೆ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡು, ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. "ನಡೀರಲಾ" ಎಂದನಷ್ಟೆ. ಹಿಂದೆ ನಾಲ್ವರು ತಗಡಿನ ಬಾಗಿಲು ಹೊತ್ತು ನಡೆದರು. ತಮಟೆಯ ಸದ್ದು ಕೆರೆಯೇರಿಯ ಕಡೆ ಸಾಗಿತು.

ಮಣ್ಣಿಗೆ ಹೋಗುವುದು ಗಂಡಸರು. ಹೆಂಗಸರಿಗೆ ಮನೆ ತೊಳೆಯುವ ಕೆಲಸ. ಕಾಳಾಚಾರಿ ಮಾತ್ರ ಉಳಿದ, ಉಳಿ ಸುತ್ತಿಗೆ ತರಿಸಿಕೊಂಡ.

"ಎತ್ತಕ್ ಗಂಡಸ್ರಿಲ್ಲವಲ್ಲವ್ವ" ಎಂದ.

"ನಾವೇನ್ ಸತ್ತೋಗಿದ್ದೀವಾ?" ಎಂದು ದೇವಿರಮ್ಮ ಸೀರೆ ಎತ್ತಿ ಕಚ್ಚೆ ಕಟ್ಟಿದಳು.

ಅಟ್ಟದಿಂದ ಹಗ್ಗ ಬಿಟ್ಟು ಏಳು ಜನ ಹೆಂಗಸರು ಬಾಗಿಲನ್ನು ಇಳಿಸಿದರು. ಧೂಳು ಒರೆಸಿದಂತೆಲ್ಲ ಮರದೊಳಗಿನಿಂದ ಜೇನಿನ ಬಣ್ಣ ಎದ್ದು ಬಂತು. "ಅಬ್ಬಬ್ಬ, ಏನ್ ತೂಕ! ಪಟ್ಟಕ್ಕನೇ ಒಳ್ಗೆ ಕೂತವ್ಳೆ" ಎಂದಳು ಒಬ್ಬಳು. "ಕೂತಿದ್ರೆ ಇಳಿ ಅನ್ನು, ವಸಿ ಅಗುರಾಗ್ಲಿ" ಎಂದಳು ಇನ್ನೊಬ್ಬಳು. ಸೂತಕದ ಮನೆಯಲ್ಲಿ ನಗು ಎದ್ದು ತೊಲೆ ತೊಲೆಗೆ ತಾಗಿತು. ಮಂಗಳಮ್ಮ ಹೆಗಲು ಕೊಟ್ಟು ಬಾಗಿಲುವಾಡಕ್ಕೆ ಸೇರಿಸಿ ಹಿಡಿದಳು. ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಆಚಾರಿ ಕೀಲು ಹೊಡೆದ. ಮೇಲಿನದು, ನಡುವಿನದು, ಕೆಳಗಿನದು. ಪ್ರತಿ ಏಟಿಗೂ ಅವಳ ಹಲ್ಲು ನಡುಗುತ್ತಿತ್ತು. ಅವಳು ಅಳುತ್ತಿದ್ದಳು, ಬೆಳಗ್ಗೆಯಿಂದ ಅದೇ ಮೊದಲ ಸಲ.

"ಕೈ ಬುಡವ್ವ ಇನ್ನ" ಎಂದ ಆಚಾರಿ. "ನಿಂತ್ಕೊತದೆ."

ಹೆಂಗಸರು ಒಬ್ಬೊಬ್ಬರಾಗಿ ಕೈ ಬಿಟ್ಟರು. ಬಾಗಿಲು ನಿಂತಿತು. ಪಟ್ಟಲಮ್ಮ ಮಲಗಿದ್ದ ಜಾಗದಲ್ಲಿ ದೇವಿರಮ್ಮ ಹಣತೆ ಹಚ್ಚಿದಳು. ಮಂಗಳಮ್ಮ ಬಾಗಿಲು ತಳ್ಳಿದಳು. ಸದ್ದೇ ಇಲ್ಲದೆ ಅದು ಹೋಗಿ ಕೂಡಿಕೊಂಡಿತು. ಅಗುಳಿ ಹಾಕಿದಳು.

ಹೊರಗೆ ಕಾಲುವೆಯಲ್ಲಿ ಮಿಂದು ಬಂದವರ ಒದ್ದೆ ಹೆಜ್ಜೆಗಳು ಜಗಲಿಯ ಬಳಿ ನಿಂತವು. ಮನೆಯ ಯಜಮಾನನಾದ ಮೇಲೆ ಹೊನ್ನಯ್ಯ ಆ ಮನೆಗೆ ಒಂದು ದಿನವೂ ಕೇಳಿ ಬಂದವನಲ್ಲ. ತಗಡನ್ನು ಒದ್ದೇ ತೆರೆಯುತ್ತಿದ್ದ. ಈಗ ಮೂರು ಬಡಿತ ಕೇಳಿದವು, ದಪ್ಪ ಮರದ ತುಂಬು ಬಡಿತ.

"ಅಮ್ಮಾ ಮಂಗಳಾ" ಎಂದ ಹೊನ್ನಯ್ಯ. "ಬಾಗ್ಲು ತಗೀಯವ್ವ. ಅತ್ಗೇ ದೀಪ ನೋಡ್ಬೇಕು ನಾವು."

ಮಂಗಳಮ್ಮ ಅಗುಳಿಯ ಮೇಲೆ ಕೈಯಿಟ್ಟಳು. ಹೊಸಿಲಾಚೆ ಊರಿನ ಗಂಡಸರೆಲ್ಲ ಒದ್ದೆ ಬಟ್ಟೆಯಲ್ಲಿ, ಅವಳು ತೆಗೆಯಲೆಂದು ಕಾಯುತ್ತ ನಿಂತಿದ್ದರು.