ಹಾಲಿನ ಗಾಡಿಯ ಕುದುರೆಯನ್ನು ಕಟ್ಟಿದ್ದು

ಗಂಟು ಹಾಕುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಹಾಲಿನ ಗಾಡಿಯವನಿಗೆ ಹೆಮ್ಮೆ. ಅವನ ಗಂಟು ಒಮ್ಮೆಯೂ ಬಿಚ್ಚಿಕೊಂಡದ್ದಿಲ್ಲ, ಅದು ನಿಜವೇ. ಬೆಳಿಗ್ಗೆ ಲಾಯಕ್ಕೆ ಹೋದರೆ ಗಂಟು ಕಂಬದಲ್ಲಿ ಭದ್ರವಾಗಿರುತ್ತಿತ್ತು. ಹಗ್ಗದ ತುದಿಯಲ್ಲಿ ಕುದುರೆಯ ಮುಖಪಟ್ಟಿ ನೇತಾಡುತ್ತಿತ್ತು. ಕುದುರೆ ಮಾತ್ರ ಇರುತ್ತಿರಲಿಲ್ಲ.

ಹೆಣ್ಣು ಕುದುರೆ, ಮನೆಯವರು ದೊರೆಸಾನಿ ಎನ್ನುತ್ತಿದ್ದರು. ಮೂತಿ ಸಪೂರ, ಕಿವಿ ಪುಟ್ಟವು. ತಲೆ ತಗ್ಗಿಸಿ ಹಿಂದಕ್ಕೆ ಸರಿದರೆ ಪಟ್ಟಿ ಜಾರಿಯೇ ಬಿಡುತ್ತಿತ್ತು. ಆಮೇಲೆ ಎದುರಿನ ಕ್ಷೌರದಂಗಡಿಯ ಬಾಗಿಲಲ್ಲಿ ತಲೆ ತೂರಿಸಿಕೊಂಡು ನಿಲ್ಲುತ್ತಿತ್ತು.

“ನಿನ್ನ ದೊರೆಸಾನಿಯನ್ನ ಕನ್ನಡಿಯಲ್ಲಿ ನೋಡಿ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ಇನ್ನರ್ಧ ಎಲ್ಲಿ ಬೋಳಿಸಿಕೊಂಡನೋ ಏನೋ,” ಎಂದ ಕ್ಷೌರಿಕ.

ಗಾಡಿಯವನಿಗೆ ತಲೆ ತಗ್ಗಿಸುವಂತಾಯಿತು. ಕುದುರೆಯನ್ನು ಮನೆಗೆ ಕರೆತಂದವನೇ ಮುಖಪಟ್ಟಿಯ ಗೊಡವೆಯೇ ಬೇಡವೆಂದು ಹಗ್ಗಕ್ಕೆ ಜೀರುಗುಣಿಕೆ ಹಾಕಿ ನೇರ ಕುತ್ತಿಗೆಗೇ ಬಿಗಿದು ಕಂಬಕ್ಕೆ ಕಟ್ಟಿದ. ಹಿತ್ತಿಲಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಡತಿ ನೋಡಿದಳು.

“ರೀ, ಅದು ನೇಣು ಕಣ್ರೀ. ಎಳೆದಷ್ಟೂ ಬಿಗಿಯುತ್ತೆ.”

“ಗಂಟಿನ ವಿಷಯ ನನಗೆ ಬಿಡು.”

ಬಿಟ್ಟಳು. ಸ್ವಲ್ಪ ಹೊತ್ತಿಗೆ ಕ್ಷೌರಿಕ ಅಂಗಡಿಯ ಶಟರನ್ನು ಧಡಾರನೆ ಎಳೆದ. ಕುದುರೆ ಬೆಚ್ಚಿ ಹಿಂದಕ್ಕೆ ಜಗ್ಗಿತು. ಕುಣಿಕೆ ಬಿಗಿಯಿತು, ಉಸಿರು ಕಟ್ಟಿತು, ಗಾಬರಿಯಲ್ಲಿ ಇನ್ನಷ್ಟು ಜಗ್ಗಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಹಿಂಗಾಲು ಕುಸಿದವು. ಗಾಡಿಯವನು ಎರಡೂ ಕೈಯಲ್ಲಿ ಗಂಟನ್ನು ಎಳೆದಾಡಿದ. ಅದು ಬಿಚ್ಚಲಿಲ್ಲ. ಹೆಂಡತಿ ಚಾಕು ಹಿಡಿದೇ ಓಡಿಬಂದು ಹಗ್ಗ ಕೊಯ್ದಳು.

ದೊರೆಸಾನಿ ನೆಲಕ್ಕೆ ಬಿದ್ದು, ತಿದಿ ಒತ್ತಿದ ಹಾಗೆ ಉಸಿರೆಳೆದುಕೊಂಡಿತು. ಗಾಡಿಯವನು ಅದರ ತಲೆಯ ಹತ್ತಿರ ಕೂತ. “ತಪ್ಪಾಯ್ತು,” ಎಂದ. ಯಾರಿಗೆ ಹೇಳಿದ್ದೆಂದು ಹೆಂಡತಿ ಕೇಳಲಿಲ್ಲ.

ಸಂಜೆ ಗಂಡ ಹೆಂಡತಿ ಸೇರಿ ಹಳೆಯ ಗಾಡಿಯ ಅಗಲವಾದ ತೊಗಲು ಪಟ್ಟಿ ಹುಡುಕಿ ತೆಗೆದರು. ಹೆಂಡತಿ ಅದನ್ನು ಕುದುರೆಯ ಕಿವಿಯ ಹಿಂದೆ, ದವಡೆಗೆ ತಾಗುವ ಹಾಗೆ ಸುತ್ತಿ, ಬೆರಳು ಆಡುವಷ್ಟು ಸಡಿಲ ಬಿಟ್ಟು ಬಕಲ್ ಹಾಕಿದಳು.

“ಕಿವಿ ಮೇಲಿಂದ ಜಾರುತ್ತೆ, ಅಷ್ಟು ದೊಡ್ಡ ದವಡೆ ದಾಟಿ ಎಲ್ಲಿ ಜಾರುತ್ತೆ?” ಎಂದಳು. ಇದು ಎಳೆದರೆ ಬಿಗಿಯುವ ಪಟ್ಟಿಯೂ ಅಲ್ಲ. ಮುಖಪಟ್ಟಿಯನ್ನು ಮತ್ತೆ ತೊಡಿಸಿ, ಅದರ ಕಬ್ಬಿಣದ ಬಳೆಗೂ ಈ ಪಟ್ಟಿಗೂ ಸೇರಿಸಿ ಅವನು ಹಗ್ಗ ಪೋಣಿಸಿದ. ಕಂಬಕ್ಕೆ ನೇರವಾಗಿ ಕಟ್ಟಲು ಅವಳು ಬಿಡಲಿಲ್ಲ. ಕಂಬದಲ್ಲಿ ತೆಳ್ಳನೆಯ ಸೆಣಬಿನ ದಾರದ ಬಳೆ ಮಾಡಿ, ಹಗ್ಗವನ್ನು ಅದಕ್ಕೆ ಕಟ್ಟಿಸಿದಳು, ಅದೂ ಒಂದೇ ಎಳೆತಕ್ಕೆ ಬಿಚ್ಚುವ ಗಂಟು.

“ಜೋರಾಗಿ ಜಗ್ಗಿದರೆ ದಾರ ಕಿತ್ತುಹೋಗುತ್ತಲ್ಲೇ!”

“ಹೋಗಲಿ. ಕುದುರೆ ಜೀವಂತವಾಗಿ ಹೋಗುತ್ತೆ. ಎದುರಂಗಡಿಯಿಂದ ಕರ್ಕೊಂಡು ಬಂದರಾಯ್ತು.”

ಮರುದಿನ ಬೆಳಿಗ್ಗೆ ದೊರೆಸಾನಿ ಇವನ ಕಣ್ಣೆದುರೇ ತಲೆ ತಗ್ಗಿಸಿ ಹಿಂದೆ ಸರಿಯಿತು. ಪಟ್ಟಿ ದವಡೆಯಲ್ಲಿ ನಿಂತಿತು. ಕುದುರೆ ಕಂಬಕ್ಕೆ ಕೆನ್ನೆ ಉಜ್ಜಿತು, ತಲೆ ಕೊಡವಿತು. ಕೊನೆಗೆ ದೊಡ್ಡದೊಂದು ಉಸಿರು ಬಿಟ್ಟು ಹುಲ್ಲಿಗೆ ಬಾಯಿ ಹಾಕಿತು.

ಅವತ್ತು ಊರಿಗೆಲ್ಲ ಹಾಲು ತಡ. ಯಾಕಪ್ಪಾ ಎಂದು ಕೇಳಿದವರಿಗೆ ಗಾಡಿಯವನು ಇದ್ದದ್ದನ್ನೇ ಹೇಳಿದ: “ಕುದುರೆ ಲಾಯದಲ್ಲೇ ಇತ್ತು. ನೋಡ್ತಾ ಕೂತುಬಿಟ್ಟೆ.”