ಆಯ್ತು ಅಂದರೆ

“ಆಯ್ತು!” ಎಂದು ಅವನು ಕೂಗಿದ.

ಏನೂ ಆಗಿರಲಿಲ್ಲ. ಕೋಳಿಯ ತುಂಡುಗಳು ತಟ್ಟೆಯಲ್ಲಿ ಹಸಿಹಸಿಯಾಗಿ ಬಿದ್ದಿದ್ದವು. ಒಲೆಯ ಮೇಲೆ ದಪ್ಪ ತಳದ ಕಬ್ಬಿಣದ ಪಾತ್ರೆ ಕಾಯುತ್ತಿತ್ತು. ಅವಳು ನೀರಿನ ಚೊಂಬನ್ನು ಅದರೊಳಗೆ ಇನ್ನೇನು ಬಗ್ಗಿಸುವುದರಲ್ಲಿದ್ದಳು.

“ಏನ್ರೀ ಆಯ್ತು? ನೀರು ಹಾಕ್ಬಾರ್ದಾ?”

“ಆಯ್ತು, ಆಯ್ತು, ಆಯ್ತು!” ಎಡಗೈಯಿಂದ ಮೇಜು ಕುಟ್ಟಿದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿತ್ತು. ಅವನ ಕಣ್ಣು ಹೋದ ಕಡೆ ಅವಳೂ ನೋಡಿದಳು. ಕಪಾಟು, ಮೇಲಿನ ಸಾಲು, ಉಪ್ಪಿನ ಪಕ್ಕದಲ್ಲಿ ಮೈದಾ ಹಿಟ್ಟಿನ ಡಬ್ಬಿ. ಅದನ್ನು ಮುಟ್ಟಿದಾಗ ಮೇಜು ಕುಟ್ಟುವುದು ನಿಂತಿತು.

“ಓ! ಹಿಟ್ಟಲ್ಲಿ ಹೊರಳಿಸಿ ಮೊದ್ಲು ಹುರೀಬೇಕು ಅಂತೀರಾ? ಅಷ್ಟಕ್ಕೆ ಮನೆ ಹಾರಿಹೋಗೋ ಹಾಗೆ ಕೂಗ್ಬೇಕಾ?”

“ಆಯ್ತು” ಎಂದ, ಈ ಸಲ ಮೆತ್ತಗೆ.

ಲಕ್ವ ಹೊಡೆದ ಬೆಳಿಗ್ಗೆ ಅವನ ಬಾಯಿಂದ ಮಾತುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದವು. ಉಳಿದದ್ದು ಇದೊಂದೇ. ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು. ಹೆಂಡತಿಯನ್ನು ಕರೆಯುವುದಕ್ಕೂ ಅದೇ, ಬೈಯುವುದಕ್ಕೂ ಅದೇ. ಮಾತು ಕಲಿಸುವ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದಳು: “ಅವ್ರಿಗೆ ಎಲ್ಲಾ ಅರ್ಥ ಆಗುತ್ತೆ. ಮಾತು ಒಳಗಿದೆ, ಬಾಯಿಗೆ ಬರೋ ದಾರಿ ಕಿತ್ತುಹೋಗಿದೆ ಅಷ್ಟೆ. ತಲೆ ಆಡಿಸೋದನ್ನೂ ನಂಬ್ಬೇಡಿ, ಹೌದು ಅನ್ನೋಕೆ ಹೋಗಿ ಅಲ್ಲ ಅಂತ ಆಡಿಸಿಬಿಡ್ತಾರೆ. ಮುಖ ನೋಡಿ, ದನಿ ಕೇಳಿ.”

ಮುಖ ನೋಡುವ ಪುರುಸೊತ್ತು ಯಾರಿಗಿತ್ತು? ಅಂಗಡಿ, ಆಸ್ಪತ್ರೆ, ಬೀದಿ, ಎಲ್ಲಿ ಹೋದರೂ ಜನ ಅವನ ತಲೆಯ ಮೇಲಿಂದ ಅವಳ ಜೊತೆ ಮಾತಾಡುತ್ತಿದ್ದರು. ಊಟ ಮಾಡ್ತಾರಾ? ನಿದ್ದೆ ಬರುತ್ತಾ ಇವ್ರಿಗೆ? ಕ್ಷೌರದಂಗಡಿಯವನಂತೂ ಅವನ ಗಲ್ಲಕ್ಕೆ ನೊರೆ ಹಚ್ಚಿಕೊಂಡೇ ಬೆಂಚಿನ ಮೇಲೆ ಕೂತಿದ್ದ ಅವಳನ್ನು ಕೇಳಿದ್ದ: “ಮೀಸೆ ಇರ್ಲಾ, ತೆಗ್ದುಬಿಡ್ಲಾ?” ಅವಳಿಗೆ ಮೈ ಉರಿದಿತ್ತು. ಆದರೂ “ಇರ್ಲಿ” ಎಂದು ಉತ್ತರ ಕೊಟ್ಟವಳೂ ಅವಳೇ. ಬರಬರುತ್ತಾ ಉತ್ತರ ಕೊಡುವುದು ರೂಢಿಯಾಗಿಹೋಯಿತು.

ಈ ಕೋಳಿ ಸ್ಟ್ಯೂ ಅವನ ಅಡುಗೆ. ಅಣ್ಣನೂ ಅವನೂ ಸೇರಿ ನಡೆಸುತ್ತಿದ್ದ ಸೈಕಲ್ ಅಂಗಡಿಯಲ್ಲಿ ವಾರವೆಲ್ಲ ಚಕ್ರಗಳ ಜೊತೆ ಗುದ್ದಾಡಿ, ಭಾನುವಾರ ಉಗುರಿನ ಸಂದಿಯ ಗ್ರೀಸ್ ಉಜ್ಜಿ ಉಜ್ಜಿ ತೆಗೆದು ಅಡುಗೆಮನೆಗೆ ನುಗ್ಗಿದನೆಂದರೆ ಅವಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮದುವೆಯಾದಾಗಿನಿಂದ ತಿಂದಿದ್ದಳೇ ಹೊರತು ಒಮ್ಮೆಯೂ ಮಾಡಿರಲಿಲ್ಲ. ಇವತ್ತು ಭಾವ, ವಾರಗಿತ್ತಿ ಊಟಕ್ಕೆ ಬರುತ್ತಾರೆ ಎಂದಾಗ ಏನಾದರೂ ಸುಲಭದ್ದು ಮಾಡಿ ಮುಗಿಸುವವಳಿದ್ದಳು. ಇವನು ಕುಂಟುತ್ತಾ ಬಂದು ಕೆಳಗಿನ ಕಪಾಟಿನಿಂದ ಆ ಪಾತ್ರೆಯನ್ನು ಒಂದೇ ಕೈಯಲ್ಲಿ ಎಳೆದ. ಅದು ಧಡ್ಡೆಂದು ಬಿದ್ದು ನೆಲದ ಒಂದು ಟೈಲಿನ ಮೂಲೆ ಹಾರಿತು. ಆಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೂತವನು ಏಳಲಿಲ್ಲ.

ತುಂಡುಗಳು ಕೆಂಪಗಾದವು. ಅವನ್ನು ತೆಗೆದಿಟ್ಟು ಅದೇ ಕೊಬ್ಬಿನಲ್ಲಿ ಈರುಳ್ಳಿ ಹಾಕಿದಳು. ತಳ ಹಿಡಿದದ್ದನ್ನು ನೀರು ಚಿಮುಕಿಸಿ ಮರದ ಸೌಟಿನಿಂದ ಕೆರೆಯುವವರೆಗೂ ಅವನು ಬಿಡಲಿಲ್ಲ. ಕ್ಯಾರೆಟ್ ಸಣ್ಣಗೆ ಹೆಚ್ಚಹೊರಟರೆ “ಆಯ್ತು!”, ಬೆರಳುದ್ದಕ್ಕೆ ಹೆಚ್ಚಿದರೆ ಸುಮ್ಮನೆ. ಆಲೂಗಡ್ಡೆ, ಇಡೀ ಬೆಳ್ಳುಳ್ಳಿ, ಜಜ್ಜಿದ ಮೆಣಸು, ಎರಡು ಒಣ ಪಲಾವ್ ಎಲೆ. ಕೋಳಿ ತುಂಡು ಮತ್ತೆ ಹಾಕಿ, ಅರ್ಧ ಮುಳುಗುವಷ್ಟೇ ನೀರು. ಮುಚ್ಚಳ ಹಾಕಿ ಓವನ್ನಿನೊಳಗೆ ತಳ್ಳಿದಾಗ ಅವಳ ರವಿಕೆ ಬೆನ್ನಿಗೆ ಅಂಟಿತ್ತು.

“ನಿಮ್ಮ ಕೈ ಕೆಳಗೆ ಕೆಲ್ಸ ಮಾಡೋದಕ್ಕಿಂತ ಲಾಂಡ್ರಿಲಿ ದಿನಾ ಮಾಡೋ ಇಸ್ತ್ರಿ ಕೆಲ್ಸಾನೇ ವಾಸಿ” ಎಂದಳು. ಅವನ ಬಾಯಿಯ ಎಡ ಮೂಲೆ ಮೇಲಕ್ಕೆ ಸರಿಯಿತು.

ಮನೆಯೆಲ್ಲ ಘಮ್ಮೆಂದಾಗ ತೆಗೆಯಲು ಹೋದಳು. ಅವನು ಓವನ್ ಬಾಗಿಲಿಗೆ ಎಡಗಾಲು ಒತ್ತಿ ಹಿಡಿದ. ಇನ್ನೊಂದು ಸಲ ಹೋದಾಗಲೂ ಹಾಗೆಯೇ. ಮೂರನೆಯ ಸಲ ಅವಳು ಎದ್ದಿರಲೇ ಇಲ್ಲ. ಅವನೇ ಮೂಗರಳಿಸಿ, ಕಾಲು ಹಿಂದಕ್ಕೆ ತೆಗೆದುಕೊಂಡು, “ಆಯ್ತು” ಎಂದ. ಮುಚ್ಚಳ ತೆಗೆದರೆ ಗಟ್ಟಿಯಾದ ಕಂದು ರಸ ಗುಳುಗುಳು ಅನ್ನುತ್ತಿತ್ತು. ಮಾಂಸ ಮೂಳೆ ಬಿಟ್ಟಿತ್ತು.

ಭಾವ ಬಂದದ್ದೇ ಹಣ್ಣಿನ ಚೀಲವನ್ನು ಅವಳ ಕೈಗಿಟ್ಟು, “ಹೇಗಿದಾನೆ ಇವ್ನು?” ಎಂದ.

“ಇಲ್ಲೇ ಇದಾರಲ್ಲ ಭಾವ, ಅವ್ರನ್ನೇ ಕೇಳಿ.”

“ಹೇಗಿದೀಯೋ?” ಕಿವುಡನಿಗೆ ಕೂಗುವಂತೆ ಕೂಗಿದ.

“ಆಯ್ತು.”

“ಪರ್ವಾಗಿಲ್ಲ, ಚೆನ್ನಾಗಿದಾನೆ” ಎಂದು ಅವಳಿಗೇ ವರದಿ ಒಪ್ಪಿಸಿ ಕುರ್ಚಿ ಎಳೆದುಕೊಂಡ. ಕೆಟ್ಟವನೇನಲ್ಲ ಭಾವ. ತಮ್ಮ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ಮಲಗಿದ್ದವನು, ನರ್ಸ್ ಹೊರಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದವನು ಇವನೇ. ಅದನ್ನು ಅವಳು ಮರೆತಿರಲಿಲ್ಲ. ಅದಕ್ಕೇ ಈವರೆಗೆ ಎಷ್ಟೋ ಮಾತು ನುಂಗಿಕೊಂಡಿದ್ದಳು.

ಪಾತ್ರೆ ಮೇಜಿನ ನಡುವೆ ಬಂತು. ಎಲ್ಲರ ಮುಂದೆಯೂ ತಟ್ಟೆ ಇಟ್ಟಳು. ಭಾವ ಆವಿಯನ್ನು ಮೂಗಿಗೆಳೆದುಕೊಂಡು ಹೊಟ್ಟೆ ಸವರಿದ. “ಅಂಗಡಿಗೆ ಹೊಸ ಸೈಕಲ್ ಬರ್ತಿವೆ. ಮಕ್ಕಳದ್ದು, ಗೇರಿಂದು, ಎಲ್ಲಾ. ರಿಪೇರಿ ನಂಬ್ಕೊಂಡು ಇನ್ನು ಎಷ್ಟು ದಿನ? ಮೂಲೆ ಖಾಲಿ ಮಾಡ್ಸಿದೀನಿ.”

“ಯಾವ ಮೂಲೆ?”

“ಅದೇ, ಇವ್ನ ಮೂಲೆ. ಚಕ್ರದ ಸ್ಟ್ಯಾಂಡ್ ಹಿಂದ್ಗಡೆ ಹಾಕಿದೀನಿ. ಗುಜರಿಯವ್ನಿಗೆ ಹೇಳಿದೀನಿ, ಬಂದು ಎತ್ಕೊಂಡು ಹೋಗ್ತಾನೆ.”

ಅವಳು ಎತ್ತಿದ್ದ ಸೌಟನ್ನು ಕೆಳಗಿಟ್ಟಳು. ಸ್ಟ್ಯಾಂಡ್ ಎಂದರೆ ಎರಡು ಕಬ್ಬಿಣದ ಕವಲು, ನಡುವೆ ಚಕ್ರ. ಅದರ ಮುಂದೆ ಕುಳಿತು, ಓಲಾಡುವ ಚಕ್ರದ ಒಂದೊಂದೇ ಕಡ್ಡಿ ಬಿಗಿದು, ಸಡಿಲಿಸಿ, ಅದು ಅಲುಗದೆ ತಿರುಗುವಂತೆ ಮಾಡುವುದೇ ಅವನ ಕೆಲಸವಾಗಿತ್ತು. ಬೀದಿಯಲ್ಲಿ ಅವನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಚಕ್ರದಣ್ಣ ಎಂದರೆ ಎಲ್ಲರಿಗೂ ಗೊತ್ತಿತ್ತು.

“ಯಾರನ್ನ ಕೇಳಿ?”

“ಯಾರನ್ನ ಕೇಳಿ ಅಂದ್ರೆ? ಇವ್ನನ್ನೇ ಕೇಳ್ದೆ! ಹೋದ ವಾರ ಬಂದಿದ್ದೆ, ನೀನು ಲಾಂಡ್ರಿಗೆ ಹೋಗಿದ್ದೆ. ‘ಮೂಲೆ ಖಾಲಿ ಮಾಡ್ಲೇನೋ, ಇನ್ನು ನೀನು ಬಂದು ಮಾಡೋದು ಏನಿದೆ, ಆಯ್ತಾ?’ ಅಂದೆ. ‘ಆಯ್ತು’ ಅಂದ. ಆಮೇಲೆ ನಾನು ಕೇಳ್ಲಿಲ್ಲ ಅನ್ನೋ ಮಾತು ಬರಬಾರ್ದು ಅಂತ ಇನ್ನೊಂದ್ಸಲ ಕೇಳ್ದೆ. ಕೂಗಿ ಹೇಳ್ದ ಮಾರಾಯ್ತಿ, ‘ಆಯ್ತು’ ಅಂತ. ಅಂಗಡಿ ಬೀಗದಕೈನೂ ಆವತ್ತೇ ಇಸ್ಕೊಂಡೆ.”

ಆ ಸಂಜೆ ಅವಳಿಗೆ ನೆನಪಿತ್ತು. ಕೆಲಸ ಮುಗಿಸಿ ಬಂದರೆ ಅವನು ಗೋಡೆಗೆ ಮುಖ ಮಾಡಿ ಕೂತಿದ್ದ. ಚಹಾದ ಲೋಟ ನೆಲದಲ್ಲಿ ಚೂರಾಗಿತ್ತು. ಏನು ಕೇಳಿದರೂ ಹಲ್ಲು ಕಚ್ಚಿಕೊಂಡು “ಆಯ್ತು, ಆಯ್ತು” ಎನ್ನುತ್ತಿದ್ದ. ಕಣ್ಣಲ್ಲಿ ನೀರಿತ್ತು. ತಲೆನೋವಿರಬೇಕೆಂದು ಅವಳು ಮಾತ್ರೆ ಕೊಟ್ಟಿದ್ದಳು. ಮಾತ್ರೆ! ಅದನ್ನೂ ಅವನು ನುಂಗಿದ್ದ.

ಈಗ ಅವನ ಕಡೆ ನೋಡಿದಳು. ಅವನು ಅಣ್ಣನನ್ನೇ ನೋಡುತ್ತಿದ್ದ. ಕುತ್ತಿಗೆಯ ನರ ಉಬ್ಬಿತ್ತು.

ಅವಳು ಬಟ್ಟೆ ಸುತ್ತಿ ಪಾತ್ರೆಯ ಎರಡೂ ಕಿವಿಗಳನ್ನು ಗಟ್ಟಿಯಾಗಿ ಹಿಡಿದು ಎತ್ತಿಕೊಂಡಳು. ಮೇಜು ಸುತ್ತಿ ಬಂದು ಭಾವನ ಕುರ್ಚಿಯ ಹಿಂದೆ ನಿಂತಳು.

“ರೀ, ಈ ಸ್ಟ್ಯೂನ ನಿಮ್ಮಣ್ಣನ ತಲೆ ಮೇಲೆ ಸುರೀತೀನಿ. ಆಯ್ತಾ?”

ಅವನು ಕಣ್ಣು ಮಿಟುಕಿಸಿದ. “ಆಯ್ತು.”

“ಕೇಳ್ಲಿಲ್ಲ ಅನ್ನೋ ಮಾತು ಬರಬಾರ್ದು ನೋಡಿ, ಇನ್ನೊಂದ್ಸಲ ಕೇಳ್ತೀನಿ. ಸುರೀಲಾ?”

“ಆಯ್ತು!”

“ಕೂಗಿ ಹೇಳಿದ್ರು. ಕೇಳಿಸ್ತಲ್ಲ ಭಾವ? ಅವ್ರೇ ಒಪ್ಪಿದ್ರು.”

ಭಾವ ಕುರ್ಚಿ ಸಮೇತ ಪಕ್ಕಕ್ಕೆ ಹಾರಿದ. ವಾರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಮೂಗಿನಿಂದ ನಗೆ ಹೊರಬಂತು. ಗಂಡನಂತೂ ಭುಜ ಕುಲುಕಿಸಿ ನಗುತ್ತಿದ್ದ. ಲಕ್ವ ಹೊಡೆದ ಮೇಲೆ ಅವನು ಸದ್ದು ಮಾಡಿ ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಆದರೆ ಅವಳಿಗೆ ನಗು ಬರಲಿಲ್ಲ. ಪಾತ್ರೆಯನ್ನು ಮೇಜಿನ ಮೇಲೆ ಇಳಿಸಿದಳು.

“ತಮಾಷೆ ಮಾಡೋ ವಿಷ್ಯನಾ ಇದು?” ಭಾವ ಕೆಂಪಾದ. “ಅಂಗಡಿ ನಡೀಬೇಕಲ್ವಾ? ಬೆಳಿಗ್ಗೆಯಿಂದ ಸಂಜೆವರೆಗೂ ಒಬ್ನೇ ಸಾಯ್ತಿದೀನಿ. ಒಂದು ಕೈಲಿ ಅವ್ನು ಬಂದು ಏನು ಕಡಿದು ಕಟ್ಟೆ ಹಾಕ್ತಾನೆ? ಅವ್ನ ಒಳ್ಳೇದಕ್ಕೇ ಹೇಳಿದ್ದು ನಾನು!”

“ಹೇಳಿದ್ರಾ? ಕೇಳ್ದೆ ಅಂದ್ರಲ್ಲ ಈಗ್ತಾನೆ! ಅವ್ರ ಹತ್ರ ಇರೋದು ಒಂದೇ ಮಾತು ಭಾವ. ಅದನ್ನೇ ಹಿಡ್ಕೊಂಡು ಅವ್ರ ಕತ್ತು ಹಿಸುಕ್ತೀರಲ್ಲ, ಮನಸ್ಸಾದ್ರೂ ಹೇಗೆ ಬಂತು ನಿಮ್ಗೆ?”

“ನಂಗೇನು ಕನಸು ಬಿದ್ದಿತ್ತಾ ಅದ್ರ ಅರ್ಥ ಬೇರೆ ಅಂತ?”

“ಗೊತ್ತಿತ್ತು ನಿಮ್ಗೆ” ಎಂದಳು ವಾರಗಿತ್ತಿ.

ಮೂವರೂ ಅವಳತ್ತ ತಿರುಗಿದರು. ಅವಳು ಖಾಲಿ ತಟ್ಟೆಯ ಅಂಚನ್ನು ಬೆರಳಿಂದ ತಿಕ್ಕುತ್ತಿದ್ದಳು. “ಆವತ್ತು ಮನೆಗೆ ಬಂದು ನೀವೇ ಅಂದ್ರಲ್ಲ, ಆಯ್ತು ಅಂದ, ಆದ್ರೆ ಲೋಟ ಎಸ್ದುಬಿಟ್ಟ ಅಂತ. ನಾನು ಕೇಳ್ದೆ, ಒಪ್ಕೊಂಡವ್ನು ಲೋಟ ಯಾಕೆ ಎಸೀತಾನೆ ಅಂತ. ಟೀವಿ ಜೋರು ಮಾಡಿದ್ರಿ.”

ಅಷ್ಟರಲ್ಲಿ ತಮ್ಮನ ಎಡಗೈ ಮೇಜಿನ ಮೇಲೆ ಸರಿಯುತ್ತಾ ಹೋಯಿತು. ನೀರಿನ ಜಗ್ಗನ್ನು ದಾಟಿತು, ಉಪ್ಪಿನ ಬಟ್ಟಲನ್ನು ದಾಟಿತು. ಅಣ್ಣನ ಮುಂದಿದ್ದ ತಟ್ಟೆಯ ಅಂಚನ್ನು ಹಿಡಿದು, ಎತ್ತಿ, ಬೋರಲು ಹಾಕಿದ.

“ಏನೋ ಇದು?” ಎಂದ ಭಾವ. ಆದರೆ ಈ ಸಲ ಕೂಗಲಿಲ್ಲ. ತಮ್ಮನ ಮುಖವನ್ನು ನೋಡಿದ. ಅಲ್ಲಿ ನೋಡುವುದಕ್ಕೆ ಬೇಕಾದಷ್ಟಿತ್ತು. “ಬೇಡ್ವಾ ನಿಂಗೆ? ಮೂಲೆ ಬಿಡಲ್ವಾ?”

ಅವನು ತನಗೆ ಇದ್ದ ಒಂದು ಮಾತನ್ನೂ ಆಡಲಿಲ್ಲ. ಎಡಗೈಯನ್ನು ಅಂಗಾತ ಮಾಡಿ ಅಣ್ಣನ ಮುಂದೆ ಚಾಚಿದ.

ಭಾವ ಆ ಅಂಗೈಯನ್ನು ನೋಡಿದ. ಜೇಬಿಗೆ ಕೈ ಹಾಕಿ, ಕರವಸ್ತ್ರ, ಚಿಲ್ಲರೆ ಎಲ್ಲ ತಡಕಾಡಿ, ಗೊಂಚಲಿನಿಂದ ಒಂದು ಬೀಗದಕೈಯನ್ನು ಬಿಡಿಸತೊಡಗಿದ. ಉಂಗುರ ಬಿಗಿಯಾಗಿತ್ತು. ಎರಡು ಸಲ ಜಾರಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಕೊನೆಗೂ ಬೀಗದಕೈ ತಮ್ಮನ ಅಂಗೈಗೆ ಬಿತ್ತು. ಮುಷ್ಟಿ ಮುಚ್ಚಿಕೊಂಡಿತು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ ಮೇಲೆಯೇ ಅವನು ಅಣ್ಣನ ತಟ್ಟೆಯನ್ನು ಮತ್ತೆ ಮಗುಚಿ ನೆಟ್ಟಗೆ ಇಟ್ಟದ್ದು.

ಅವಳು ಬಡಿಸಿದಳು. ಸಿಟ್ಟು ಇಳಿದಿರಲಿಲ್ಲ. ಗಂಡನಿಗೆ ತೊಡೆಯ ತುಂಡು, ವಾರಗಿತ್ತಿಗೆ ಎದೆಯದು. ಭಾವನಿಗೆ ಪಾತ್ರೆಯೆಲ್ಲ ಜಾಲಾಡಿ ಕತ್ತಿನ ಮೂಳೆ ಹುಡುಕಿ ಹಾಕಿದಳು. ಅವನು ತಕರಾರು ಮಾಡಲಿಲ್ಲ. ರಸದಲ್ಲಿ ರೊಟ್ಟಿ ಅದ್ದಿ ಅದ್ದಿ ತಿಂದ, ಮೂಳೆಯನ್ನು ಬಹಳ ಹೊತ್ತು ಚೀಪಿದ. ಉಪ್ಪು ತುಸು ಕಡಿಮೆಯಾಗಿತ್ತು. ಯಾರೂ ಆ ಮಾತು ಎತ್ತಲಿಲ್ಲ.

ಮರುದಿನ ಅವಳು ಲಾಂಡ್ರಿಗೆ ರಜೆ ಹೇಳಿ ಅವನ ಜೊತೆ ಅಂಗಡಿಗೆ ನಡೆದಳು. ಭಾವ ಮೊದಲೇ ಬಂದಿದ್ದ. ಸ್ಟ್ಯಾಂಡ್ ಮೂಲೆಗೆ ವಾಪಸಾಗಿತ್ತು. ಆದರೆ ಮೂಲೆ ಪೂರ್ತಿ ವಾಪಸಾಗಿರಲಿಲ್ಲ. ಅರ್ಧಕ್ಕೆ ರಟ್ಟಿನ ಪೆಟ್ಟಿಗೆಗಳು ಬಂದು ಕೂತಿದ್ದವು. ಅವಳು ಸೊಂಟದ ಮೇಲೆ ಕೈಯಿಟ್ಟು ಪೆಟ್ಟಿಗೆಗಳನ್ನು ನೋಡಿದಳು, ಭಾವನನ್ನು ನೋಡಿದಳು. ಅವನು ಒಂದೊಂದಾಗಿ ಅವನ್ನು ಆಚೆಗೆ ಎಳೆದ.

ಚಕ್ರದಣ್ಣ ತಗ್ಗು ಸ್ಟೂಲಿನ ಮೇಲೆ ಕೂತ. ಎಡಗೈಯಲ್ಲಿ ಚಕ್ರ ತಿರುಗಿಸುವುದು, ಅದೇ ಕೈಯಿಂದ ನಿಲ್ಲಿಸುವುದು, ಅದೇ ಕೈಯಿಂದ ಕಡ್ಡಿ ಬಿಗಿಯುವ ಚಾವಿ ಹಾಕುವುದು. ಚಾವಿ ಎಷ್ಟೋ ಸಲ ಬಿತ್ತು. ಪ್ರತಿ ಸಲವೂ ಅವನೇ ಬಗ್ಗಿ ಎತ್ತಿಕೊಂಡ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಬಳಿ ಕೂತಿದ್ದಳು.

ಆ ಚಕ್ರವನ್ನು ರಿಪೇರಿಗೆ ಕೊಟ್ಟುಹೋಗಿದ್ದ ಅಂಚೆಯವನು ಮಧ್ಯಾಹ್ನ ಬಂದ. ಮೂಲೆಯತ್ತ ಒಮ್ಮೆ ನೋಡಿ ಭಾವನನ್ನು ಕೇಳಿದ: “ಯಾವಾಗ ಸಿಗುತ್ತೆ? ಇವ್ರ ಕೈಲಿ ಆಗುತ್ತಾ?”

ಭಾವ ಬಾಯಿ ತೆರೆದ. ಅವಳ ಕಣ್ಣು ನೋಡಿದ. ಪಂಪು ಎತ್ತಿಕೊಂಡು ಯಾವುದೋ ಟಯರಿಗೆ ಗಾಳಿ ಹೊಡೆಯತೊಡಗಿದ.

ಅಂಚೆಯವನು ಅವಳತ್ತ ತಿರುಗಿದ. “ಸಂಜೆ ಬನ್ನಿ” ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ತುಟಿ ಕಚ್ಚಿಕೊಂಡಳು.

ಇನ್ನು ಬೇರೆ ದಾರಿಯಿಲ್ಲದೆ ಅಂಚೆಯವನು ಮೂಲೆಗೆ ಹೋಗಿ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದ. “ಚಕ್ರದಣ್ಣ, ಎಷ್ಟು ಹೊತ್ತಾಗುತ್ತೆ?”

ಚಕ್ರದಣ್ಣ ತಲೆಯೆತ್ತಲಿಲ್ಲ. ಚಕ್ರವನ್ನು ಒಮ್ಮೆ ಜೋರಾಗಿ ತಿರುಗಿಸಿಬಿಟ್ಟ. ಅದು ಸುತ್ತುತ್ತಾ ಒಂದು ಕಡೆ ಮಾತ್ರ ಕವಲಿಗೆ ತಾಗಿ ಚಿರ್ ಎಂದಿತು, ಮತ್ತೆ ಸುತ್ತಿ ಬಂದು ಅಲ್ಲೇ ಚಿರ್ ಎಂದಿತು. ಅಂಚೆಯವನು ತಾನೂ ಕಿವಿಗೊಟ್ಟ. ಆಮೇಲೆ ಹೆಗಲಿನ ಚೀಲ ಇಳಿಸಿ, ಹತ್ತಿರದಲ್ಲಿದ್ದ ಒಂದು ಹಳೆಯ ಟಯರನ್ನು ಎಳೆದುಕೊಂಡು ಅದರ ಮೇಲೆ ಕಾಯುತ್ತಾ ಕೂತ.