ಹಳದಿ ಜಾಕೆಟ್ಟಿನ ಎಣಿಕೆ

ನೂರಕ್ಕೆ ತೊಂಬತ್ತೊಂದು ಜನ ಆಗಲೇ ಹೆಲ್ಮೆಟ್ ಹಾಕುವ ಊರಿಗೆ ಹೊಸ ಕಾನೂನು ಯಾಕೆ ಬೇಕು? ಅನುದಾನ ಕೊಡುವ ಪ್ರತಿಷ್ಠಾನದವರ ಪತ್ರದಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ. ಶುಕ್ರವಾರದೊಳಗೆ ಸರಿಯಾದ ಉತ್ತರ ಬರದಿದ್ದರೆ ಅರ್ಜಿ ಕೈಬಿಡುತ್ತೇವೆ ಎಂದೂ ಸೇರಿಸಿದ್ದರು. ವಕೀಲಮ್ಮ ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಈ ಅನುದಾನಕ್ಕಾಗಿ ಅವರು ಸುತ್ತದ ಬಾಗಿಲಿಲ್ಲ. ಇದ್ದ ಕಾನೂನು ಗಾಡಿ ಓಡಿಸುವವನ ತಲೆಯನ್ನು ಮಾತ್ರ ಗಣನೆಗೆ ತೆಗೆದುಕೊಂಡಿತ್ತು. ಹಿಂದೆ ಕೂತ ಹೆಂಡತಿಗೆ, ನಡುವೆ ಸಿಕ್ಕಿಕೊಂಡ ಮಗುವಿಗೆ ತಲೆಯೇ ಇಲ್ಲವೇನೋ! ಗಲ್ಲದ ಪಟ್ಟಿ ಬಿಗಿಯಬೇಕೆಂಬ ಮಾತಿಲ್ಲ, ದಿನಾ ರಸ್ತೆಯಲ್ಲಿ ನಿಂತು ನೋಡಬೇಕಾದವರು ಯಾರು ಅನ್ನುವುದೂ ಇಲ್ಲ. ಅದನ್ನೆಲ್ಲ ಹೊಸದಾಗಿ ಬರೆದು, ಶಾಸಕರ ಮುಂದಿಟ್ಟು, ಒಪ್ಪಿಸುವ ತನಕ ಬೆನ್ನು ಬಿಡದ ಜನ ಬೇಕು. ಒಂದು ಫ್ಯಾನು, ಎರಡು ಕೋಣೆಯ ಕಚೇರಿಯಿಂದ ಆಗುವ ಕೆಲಸವಲ್ಲ ಅದು. ಆದರೂ ತಮ್ಮಿಂದ ಆಗುತ್ತದೆ ಅನ್ನುವುದರಲ್ಲಿ ವಕೀಲಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅರ್ಜಿಯಲ್ಲಿದ್ದ ಆ ತೊಂಬತ್ತೊಂದನ್ನು ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಎಣಿಸಿದವರು ಕಂಡಕ್ಟ್ರು. ಬಸ್ಸಿನಲ್ಲಿ ಮೂವತ್ತೆರಡು ವರ್ಷ ತಲೆ ಎಣಿಸಿ ನಿವೃತ್ತರಾದ ಆಸಾಮಿ. ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ನಡೆಯುವಷ್ಟರಲ್ಲಿ ಟಿಕೆಟ್ ತೆಗೆಯದವನನ್ನು ಕಣ್ಣಲ್ಲೇ ಹಿಡಿಯುತ್ತಿದ್ದರಂತೆ. ಎಣಿಕೆ ಎಲ್ಲಾದರೂ ತಪ್ಪಿರಬಹುದೇ ಎಂದು ಕೇಳಿದ್ದಕ್ಕೆ ಅವರ ಮುಖ ಊದಿಕೊಂಡಿತು. ಬೇಕಾದರೆ ನೀವೇ ಬಂದು ನೋಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಹೋದರು.

ಮಂಗಳವಾರ ಬೆಳಿಗ್ಗೆ ವಕೀಲಮ್ಮ ಹೋದರು. ಕೂಡುರಸ್ತೆಗೆ ಐವತ್ತು ಹೆಜ್ಜೆ ಈಚೆ ಬೀಗದ ಕೈ ಮಾಡುವವನ ಕೊಡೆಯ ಕೆಳಗೆ ಒಂದು ಸ್ಟೂಲು ಸಿಕ್ಕಿತು. ಅಲ್ಲಿಂದ ಕಂಡಕ್ಟ್ರು ಚೆನ್ನಾಗಿಯೇ ಕಾಣುತ್ತಿದ್ದರು. ಕಾಣದೆ ಏನು, ಒಂದು ಮೈಲಿ ದೂರದಿಂದ ಕಾಣುವಂಥ ಹಳದಿ ಜಾಕೆಟ್ಟು! ಬಿಸಿಲಿಗೆ ಮಿಂಚುವ ಬೆಳ್ಳಿ ಪಟ್ಟಿ, ಕುತ್ತಿಗೆವರೆಗೆ ಗುಂಡಿ, ಇಸ್ತ್ರಿಯ ಗೆರೆ. ಗಾಡಿಗಳ ನಡುವೆ ನಿಲ್ಲುವವನಿಗೆ ರಕ್ಷಣೆ ಬೇಡವೇ ಎಂದು ಅವರೇ ಮುತುವರ್ಜಿ ವಹಿಸಿ ಹೊಲಿಸಿಕೊಂಡದ್ದು. ಸಮವಸ್ತ್ರ ಬಿಟ್ಟು ಆರು ವರ್ಷವಾಗಿದ್ದ ಮೈ ಅದು, ಪಾಪ, ಆಸೆಪಟ್ಟಿತ್ತು.

ಎಂಟೂ ನಲವತ್ತೇಳಕ್ಕೆ ಒಂದು ಹಳೆಯ ಸ್ಕೂಟರು ಬಂತು. ಓಡಿಸುತ್ತಿದ್ದವರ ತಲೆ ಬರಿದು, ಹೆಲ್ಮೆಟ್ಟು ಕನ್ನಡಿಯ ಕಡ್ಡಿಗೆ ನೇತಾಡುತ್ತಿತ್ತು. ದೂರದಲ್ಲಿ ಹಳದಿ ಕಂಡದ್ದೇ ತಡ, ಸ್ಕೂಟರು ನಿಧಾನವಾಯಿತು, ಹೆಲ್ಮೆಟ್ಟು ತಲೆಗೇರಿತು. ಕಂಡಕ್ಟ್ರ ಮುಂದೆ ಮದುವೆ ಗಂಡಿನ ಗಾಂಭೀರ್ಯದಲ್ಲಿ ಹಾದು, ಆಚೆ ತಿರುವಿನಲ್ಲಿ ಮತ್ತೆ ಕನ್ನಡಿಗೆ ನೇತಾಡಿತು. ಕಂಡಕ್ಟ್ರು ನಿಷ್ಠೆಯಿಂದ 'ಹಾಕಿದವರು' ಕಡೆ ಒಂದು ಗೀಟು ಎಳೆದರು.

ಸ್ಕೂಟರಿನವರು ವಕೀಲಮ್ಮನ ಯಜಮಾನರು, ಗಣಿತದ ಮೇಷ್ಟ್ರು.

ವಕೀಲಮ್ಮನಿಗೆ ಮೊದಲು ನಗು ಬಂತು. ಆಮೇಲೆ ನಗು ಸಿಟ್ಟಾಯಿತು. ದಿನಾ ಗೇಟಿನಲ್ಲಿ ಹೆಲ್ಮೆಟ್ ಹಾಕಿಕೊಂಡೇ ಹೊರಡುವ ಮನುಷ್ಯ, ಸಂಜೆ ಹಾಕಿಕೊಂಡೇ ಬಂದು ಇಳಿಯುವ ಮನುಷ್ಯ! ದೀಪದ ಬುಡದಲ್ಲೇ ಕತ್ತಲೆ. ಊರಿನ ತಲೆಗಳ ಬಗ್ಗೆ ಕಡತ ಬರೆಯುತ್ತ ಕೂತವರಿಗೆ ಮನೆಯ ಒಂದು ತಲೆ ಗೊತ್ತಿರಲಿಲ್ಲ. ಹಿಂದೆಯೇ ಬಂದ ಹತ್ತು ಗಾಡಿಗಳಲ್ಲಿ ಆರು ಅದನ್ನೇ ಮಾಡಿದವು.

ಸಂಗತಿ ತಿಳಿಸಿದಾಗ ಕಂಡಕ್ಟ್ರು ಜಾಕೆಟ್ಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಎಣಿಕೆಯಲ್ಲಿ ಅವರದೊಂದೂ ತಪ್ಪಿಲ್ಲವೆಂದು ವಕೀಲಮ್ಮ ಎಷ್ಟು ಹೇಳಿದರೂ ಆ ಮುಖ ಅರಳಲಿಲ್ಲ.

ಬುಧವಾರ ಇಬ್ಬರೂ ಕೊಡೆಯ ಕೆಳಗೆ ಕೂತರು. ಕಂಡಕ್ಟ್ರ ಮೈಮೇಲೆ ಮಾಸಲು ಬಿಳಿ ಅಂಗಿ. ಎಂಟೂ ನಲವತ್ತೇಳಕ್ಕೆ ಸ್ಕೂಟರು ಬಂತು, ಬರಿ ತಲೆಯಲ್ಲೇ ಹೋಯಿತು. ಕಂಡಕ್ಟ್ರ ಪೆನ್ಸಿಲು ಗಾಳಿಯಲ್ಲೇ ನಿಂತಿತು.

"ಮೇಷ್ಟ್ರು..." ಅಂದರು. "ಬಿಟ್ಬಿಡ್ಲಾ ಅಮ್ಮಾ?"

"ಯಾಕ್ ಬಿಡ್ತೀರಿ? ಹಾಕದೇ ಇರೋರ ಕಡೆ ಗೀಟು ಎಳೀರಿ."

ಹತ್ತು ಗಂಟೆಗೆ ಲೆಕ್ಕ ಮುಗಿಯಿತು. ನೂರಕ್ಕೆ ಮೂವತ್ತನಾಲ್ಕು. ಮೊದಲಿನ ಎಣಿಕೆ ತಪ್ಪಾಗಿತ್ತು, ಕ್ಷಮಿಸಿ ಎಂದು ಬರೆದು ಹಳೆಯ ಅಂಕಿ ಹೊಡೆದುಹಾಕುವುದೆಂದು ವಕೀಲಮ್ಮ ಎದ್ದರು. ಕಂಡಕ್ಟ್ರು ಮಾತ್ರ ಏಳಲಿಲ್ಲ.

"ಹೊಡೆದು ಹಾಕ್ಬೇಡಿ ಅಮ್ಮಾ," ಅಂದರು. "ಚೆಕಿಂಗ್‌ನೋರು ಹತ್ತಿದ ದಿನ ಬಸ್ಸಲ್ಲಿ ಎಲ್ರೂ ಕರೆದು ಕರೆದು ಟಿಕೆಟ್ ತಗೊಳ್ಳೋರು. ಕಾಸು ಜೇಬಲ್ಲೇ ಇರ್ತಿತ್ತು. ಇಲ್ಲೂ ಅಷ್ಟೇ, ಹೆಲ್ಮೆಟ್ಟು ಗಾಡೀಲೇ ಇದೆ. ನೋಡೋರು ಒಬ್ರು ಇದ್ರೆ ತಲೆಗೆ ಹತ್ತುತ್ತೆ."

ವಕೀಲಮ್ಮ ಮತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಕಡತದಲ್ಲಿ ಹುಡುಕಿದ ವಾದ ಮಾಸಲು ಅಂಗಿ ತೊಟ್ಟು ಪಕ್ಕದಲ್ಲೇ ಕೂತಿತ್ತು. ಗುರುವಾರವೇ ಉತ್ತರ ಹೋಯಿತು, ಎರಡೂ ಅಂಕಿಗಳ ಸಮೇತ: ಯಾರೂ ನೋಡದಾಗ ಮೂವತ್ತನಾಲ್ಕು, ಒಂದು ಹಳದಿ ಜಾಕೆಟ್ಟು ನಿಂತರೆ ತೊಂಬತ್ತೊಂದು. ದಿನವೂ ನೋಡುವ ಕಾನೂನು ಬೇಕಾಗಿರುವುದು ಈ ನಡುವಿನ ಐವತ್ತೇಳು ತಲೆಗಳಿಗೆ.

ಅವತ್ತು ಸಂಜೆ ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡೇ ಬಂದಿಳಿದರು. ಊಟದ ಮೇಜಿನ ಮೇಲೆ ಬುಧವಾರದ ಹಾಳೆ ಇತ್ತು, ಒಂದು ಗೀಟಿನ ಸುತ್ತ ಕೆಂಪು ಸೊನ್ನೆ, ಪಕ್ಕದಲ್ಲಿ ಹೊತ್ತು ಬರೆದಿತ್ತು. ಏನಿದು ಎಂದು ಕೇಳಿದರು.

"ನೀವು," ಅಂದರು ವಕೀಲಮ್ಮ. "ನಾನು ಅಲ್ಲೇ ಕೂತಿದ್ದೆ ಕಣ್ರೀ. ಎದೆ ಒಡೆದುಹೋಯ್ತು ನಂಗೆ."

ಮೇಷ್ಟ್ರು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು, ಆದರೆ ಬಹಳ ಹೊತ್ತು ಉಣ್ಣಲಿಲ್ಲ.

ಒಂದೂವರೆ ತಿಂಗಳಿಗೆ ಒಪ್ಪಿಗೆ ಪತ್ರ ಬಂತು. ಕೆಲಸ ಶುರುಮಾಡುವ ಮುನ್ನ ಇನ್ನೊಮ್ಮೆ ಎಣಿಸಬೇಕೆಂದು ಅದರಲ್ಲಿ ಷರತ್ತಿತ್ತು. ಈ ಸಲವೂ ವಕೀಲಮ್ಮ ಮನೆಯಲ್ಲಿ ಸುಳಿವು ಕೊಡಲಿಲ್ಲ. ಅದೇ ಕೊಡೆಯ ಹಿಂದೆ, ಬೀಗದ ಕೈಗಳ ಗೊಂಚಲಿನ ಮರೆಯಲ್ಲಿ ಇಬ್ಬರೂ ಕೂತರು. ಎಂಟೂ ನಲವತ್ತಾರಾಯಿತು. ವಕೀಲಮ್ಮ ರಸ್ತೆ ನೋಡಲು ಧೈರ್ಯ ಸಾಲದೆ ಕಂಡಕ್ಟ್ರ ಕೈಯನ್ನೇ ನೋಡುತ್ತ ಕೂತರು. ಸ್ಕೂಟರಿನ ಪರಿಚಿತ ಸದ್ದು ಹತ್ತಿರ ಬಂತು, ದಾಟಿತು, ತಿರುವಿನಾಚೆ ಕರಗಿತು.

ಕಂಡಕ್ಟ್ರು ಏನೂ ಕೇಳದೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಎಡಗಡೆಯ ಸಾಲಿನಲ್ಲಿ, 'ಹಾಕಿದವರು' ಎಂಬುದರ ಕೆಳಗೆ, ಒಂದು ಗೀಟು ಎಳೆದರು.